ಏಳನೇ ತಂತಿಗೆ ಕಟ್ಟಿದ ಬಿಳಿ ಎಳೆ

ಹೋದ ವಾರ ಮಳೆ ನಿಂತ ಒಂದು ಮಧ್ಯಾಹ್ನ ನಮ್ಮೂರ ಹೊರಗಿನ ಬೇವಿನ ಗಿಡದ ಹತ್ತಿರದ ಕಂಬ ಹತ್ತಿದೆ. ತಂತಿ ಕೂಡಿಸುವ ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ತೊಯ್ದ ಕಂಬಳಿಯ ವಾಸನೆ ಮೂಗಿಗೆ ಬಂತು. ಇಂಟರ್ನೆಟ್ಟಿನ ಪೆಟ್ಟಿಗೆಯಲ್ಲಿ ಕಂಬಳಿ ವಾಸನೆ ಎಲ್ಲಿಂದ ಬಂತು ಎಂದು ಬೇರೆಯವರಾದರೆ ಕೇಳಿಯಾರು. ಅದನ್ನು ಅಲ್ಲಿ ಇಟ್ಟವನು ನಾನೇ. ಒಳಗೆ ಏಳು ಮನೆಗೆ ಹೋಗುವ ಏಳು ತಂತಿ. ಏಳೂ ಕರಿ, ಏಳೂ ಒಂದೇ ದಪ್ಪ. ಯಾವುದು ಯಾರದೆಂದು ತಿಳಿಯಲಿ ಅಂತ ಒಂದೊಂದಕ್ಕೂ ಅಪ್ಪನ ಹರಿದ ಕಂಬಳಿಯಿಂದ ಬಿಚ್ಚಿದ ದಾರ ಕಟ್ಟಿದ್ದೇನೆ. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಹೀಗೆ ಆರರವರೆಗೆ. ಕಣ್ಣು ಮುಚ್ಚಿ ಮುಟ್ಟಿದರೂ ಮನೆ ತಿಳಿಯಬೇಕು. ಏಳನೆಯದಕ್ಕೆ ಮಾತ್ರ ಗಂಟಿಲ್ಲ, ಕಂಬಳಿಯ ಅಂಚಿನ ದಪ್ಪ ಬಿಳಿ ಎಳೆ. ಮೂರು ವರ್ಷದಿಂದ ಯಾವುದಕ್ಕೂ ಕೂಡದೆ ಸುತ್ತಿಟ್ಟಿದ್ದ ತಂತಿ ಅದು. ಆ ಎಳೆ ಬೆರಳಿಗೆ ತಾಗಿದ ಮೇಲೆ ಕೈ ತನ್ನಷ್ಟಕ್ಕೆ ನಿಂತಿತು. ಮೂರು ವರ್ಷದ ಹಿಂದಿನ ಹಿಂಗಾರಿ ಪೂರಾ ಕಣ್ಣ ಮುಂದೆ ಬಂತು.

ನಾನು ಗುರಪ್ಪ. ಏಳನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟವನು. ಎರಡು ವರ್ಷ ಅಪ್ಪನ ಬೆನ್ನಿಗೆ ಕುರಿ ಕಾಯ್ದೆ, ಆಮೇಲೆ ಟಿವಿ ಕೇಬಲ್ಲಿನ ತಂತಿ ಎಳೆಯುವವರ ಜೊತೆ ಮಾಳಿಗೆ ಮಾಳಿಗೆ ಹಾರಿದೆ, ಈಗ ಇಂಟರ್ನೆಟ್ಟಿನ ಗಾಜಿನ ತಂತಿ, ಅಂದರೆ ಫೈಬರ್, ಎಳೆಯುತ್ತೇನೆ. ಡಿಗ್ರಿ ಇದ್ದವರು ಬೆಸುಗೆ ಹಾಕಿದ ತಂತಿ ಮೂರು ತಿಂಗಳಿಗೆ ಬಿಟ್ಟದ್ದನ್ನು ನೋಡಿದ್ದೇನೆ. ಮರಾಠಿ ಸೀಮೆಗೆ ಸೇರಿದ ನಮ್ಮ ಜತ್ತದಿಂದ ಮಾಡಗ್ಯಾಳದ ಕಡೆ ನಾನು ಹಾಕಿದ್ದು ಒಂದೂ ಬಿಟ್ಟಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ಎಲ್ಲರೂ ಇನ್ನೂ ಇದ್ದಾರೆ, ದಿನಾ ಮುಖ ನೋಡಬೇಕು.

ಆ ವರ್ಷ ನಮ್ಮೂರಿಗೆ ಗಾಜಿನ ತಂತಿ ಬಂತು. ಬೇವಿನ ಗಿಡದ ಆಚೆ ಹೊಲದೊಳಗೆ ನಮ್ಮ ಏಳು ಮನೆ. ನನ್ನದು, ನಮ್ಮ ಅಕ್ಕ ಕಸ್ತೂರಿ ಮತ್ತು ಭಾವ ಸಂಗಪ್ಪನದು, ಉಳಿದ ಐದು ನಮ್ಮ ಬೀಗರು ಬಿಜ್ಜರವು. ಮನೆಗೊಬ್ಬರ ಕಾಗದ ತರಬೇಕು ಎಂದು ಕನೆಕ್ಷನ್ ಕೊಡುವ ಕಂಪನಿಯ ಜತ್ತದ ಆಫೀಸಿನಲ್ಲಿ ಹೇಳಿದರು. ನಾನು ಕೇಳಲಿಲ್ಲ. ನಮ್ಮ ಕುರಿಯವರಲ್ಲಿ ಒಂದು ಪದ್ಧತಿ ಇದೆ. ಗೊಬ್ಬರಕ್ಕೆಂದು ಯಾರದಾದರೂ ಹೊಲದಲ್ಲಿ ಕುರಿ ನಿಲ್ಲಿಸುವಾಗ ಏಳು ಮನೆಯ ಕುರಿ ಇದ್ದರೂ ಮಾತು ಒಬ್ಬ ಹಿರಿಯನ ಹೆಸರಿಗೆ ಆಗುತ್ತದೆ. ಹೊಲದವನು ಅವನೊಬ್ಬನನ್ನೇ ಬಲ್ಲ. ಕುರಿ ಯಾರದೆಂಬುದು ಕಿವಿಯ ಕಚ್ಚಿನಿಂದ, ಬೆನ್ನಿನ ಬಣ್ಣದಿಂದ ನಮ್ಮ ನಮ್ಮಲ್ಲಿ ಗೊತ್ತಿದ್ದರೆ ಸಾಕು. ಅಪ್ಪ ನಲವತ್ತು ವರ್ಷ ಹಾಗೇ ಆ ಹಿರಿಯನಾಗಿದ್ದ. ನಾನೂ ಹಾಗೇ ಮಾಡಿದೆ. ಏಳು ಕನೆಕ್ಷನ್ನಿಗೂ ನನ್ನ ಒಂದೇ ಕಾಗದ ಕೊಟ್ಟೆ, ವಿಳಾಸದ ಪತ್ತಾನೂ ನಂದೇ.

"ಗುರಪ್ಪನ ಹೆಸರ ಐತಲ್ಲ, ಇನ್ನೇನ ಬೇಕ್ರಿ?" ಅಂದೆ. ಆ ಮಾತು ಆಮೇಲೆ ನನಗೇ ತಿರುಗಿ ಬಂತು.

ಏಳು ಮನೆಯೊಳಗೆ ಹಚ್ಚುವ ಇಂಟರ್ನೆಟ್ ಡಬ್ಬಿಗಳು ಒಂದೇ ರಟ್ಟಿನ ಖೋಕೆಯಲ್ಲಿ ಬಂದವು. ಒಂದೊಂದಕ್ಕೆ ಒಂದು ನಂಬರು, ನನ್ನ ಹೆಸರಿನ ಮುಂದೆ ಒಂದರಿಂದ ಏಳರವರೆಗೆ. ಯಾವ ಡಬ್ಬಿ ಯಾವ ಮನೆಗೆ ಹೋಯಿತು ಅಂತ ನಾನು ಬರೆದಿಡಲಿಲ್ಲ. ಕೈಗೆ ಬಂದದ್ದನ್ನು ಹಚ್ಚಿದೆ. ಕಂಬದ ಮೇಲೆ ದಾರ ಕಟ್ಟಿದ್ದೆನಲ್ಲ, ನನ್ನ ಕೆಲಸಕ್ಕೆ ಅಷ್ಟು ಸಾಕಾಗಿತ್ತು.

ಸಜ್ಜಿ ಕೊಯ್ದು ಜೋಳ ಬಿತ್ತುವ ನಡುವಿನ ದಿನಗಳು. ಒಂದು ಸಂಜೆ ಊರಿನ ಎಲ್ಲ ಮೊಬೈಲಿಗೂ ಒಂದು ಬರಹ ಬಂತು. ನಮ್ಮ ಕನ್ನಡ ಸಾಲಿಯ ಟೀಚರ್ ಮಹಾದೇವಿ ಅಕ್ಕೋರ ಹೆಸರು, ಅಕ್ಕೋರ ಫೋಟೋ. ಕೆಳವಸ್ತಿಯ ಮಕ್ಕಳು ನಾಳೆಯಿಂದ ಖಿಚಡಿಗೆ ತಮ್ಮ ತಮ್ಮ ಮನೆಯ ತಾಟು ತರಬೇಕು, ಬೇರೆ ಸಾಲಿನಲ್ಲಿ ಕೂಡಬೇಕು ಅಂತ ಅದರಲ್ಲಿ ಇತ್ತು. ಕೆಳವಸ್ತಿ ಎಂದರೆ ಹಳ್ಳದ ಕಡೆಯ, ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಮನೆಗಳು. ಅಕ್ಕೋರು ಹನ್ನೊಂದು ವರ್ಷದಿಂದ ಅವರ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಮರುದಿನ ಆ ವಸ್ತಿಯ ಹದಿನಾಲ್ಕು ಮಕ್ಕಳಲ್ಲಿ ಒಬ್ಬರೂ ಸಾಲಿಗೆ ಬರಲಿಲ್ಲ.

ಅಕ್ಕೋರು ಆ ಬೆಳಗ್ಗೆ ಒಬ್ಬರೇ ವಸ್ತಿಗೆ ನಡೆದು ಹೋದರು. ನಾನು ಅಲ್ಲೇ ಒಂದು ಕಂಬಕ್ಕೆ ಕೊಕ್ಕೆ ಹೊಡೆಯುತ್ತಿದ್ದೆ, ಎಲ್ಲ ಕೇಳಿಸಿತು. ಗೋಡೆ ಕಟ್ಟುವ ಗೌಂಡಿ ಕೆಲಸದ ಯಶವಂತ ಕಾಕಾ ಅಲ್ಲಿಯ ಹಿರಿಯ. ಕಟ್ಟೆಯಿಂದ ಎದ್ದು ನಿಂತ.

"ಕುಂದ್ರಿ ಅಕ್ಕೋರ. ಅದನ್ನ ನೀವು ಬರದಿಲ್ಲ ಅಂತ ನನಗ ಗೊತ್ತೈತ್ರಿ."

"ಮತ್ತ ಮಕ್ಕಳನ್ನ ಯಾಕ ಕಳಸ್ಲಿಲ್ಲ ಕಾಕಾ?"

"ಬರದಾವ ಯಾರೋ ಊರಾಗೇ ಅದಾನಲ್ರಿ. ಅವಾ ಯಾರಂತ ತಿಳೀದ ನಮ್ಮ ಕೂಸಗೋಳು ಯಾರ ಮುಖ ನೋಡಿ ತಾಟ ಹಿಡೀಬೇಕು? ಆ ಕೈ ಯಾವುದಂತ ತೋರಸ್ರಿ, ಅವತ್ತ ಕಳಸ್ತೀವು."

ಅಕ್ಕೋರು ಸೀದಾ ಜತ್ತದ ಬಸ್ಸು ಹತ್ತಿ ಪೋಲೀಸರಲ್ಲಿ ಅರ್ಜಿ ಬರೆದುಕೊಟ್ಟರು. ಬಂದು ಖಾಲಿ ಸಾಲುಗಳ ಮುಂದೆ ಪಾಠ ಮಾಡಿದರು. ದಿನಾ ಹದಿನಾಲ್ಕು ಹೆಸರೂ ಕರೆಯುತ್ತಿದ್ದರಂತೆ, ಉತ್ತರಕ್ಕೆ ಕಾಯ್ದು ಮುಂದಿನದು ಕರೆಯುತ್ತಿದ್ದರಂತೆ.

ಕೆಲವು ದಿನ ಬಿಟ್ಟು ನನಗೆ ಕರೆ ಬಂತು. ಯಾವುದೋ ತಂತಿ ಕೆಟ್ಟಿರಬೇಕು ಅಂತ ಚೀಲ ಹಾಕಿಕೊಂಡೇ ಜತ್ತಕ್ಕೆ ಹೋದೆ. ಆಫೀಸಿನಲ್ಲಿ ಹವಾಲ್ದಾರರು ಕೂತಿದ್ದರು. ಎದುರಿಗೆ ಕಂಪ್ಯೂಟರ್ ಮುಂದೆ, ಕಂಪನಿಯ ಕನೆಕ್ಷನ್ನುಗಳ ಲೆಕ್ಕ ನೋಡುವ ಸುನಂದಾ ಮೇಡಂ. ಅವರು ಮಿರಜದವರು, ಮಾತು ಮರಾಠಿ, ಆದರೆ ತಾಯಿಯ ತವರು ನಮ್ಮ ಕಡೆಯದಾದ್ದರಿಂದ ಕನ್ನಡ ಚಲೋ ಬರುತ್ತಿತ್ತು.

"ಹೆಸರ ನಿಂದ ಬರಾಕತ್ತೈತಿ ಗುರಪ್ಪಾ," ಎಂದರು ಹವಾಲ್ದಾರರು. "ಪತ್ತಾನೂ ನಿಂದ. ಇನ್ನೇನ ಹೇಳ್ತಿ?"

"ಸಾಹೇಬ್ರ, ನನಗ ಮೊಬೈಲ್ನಾಗ ಕನ್ನಡ ಟೈಪ್ ಮಾಡಾಕ ಬರಂಗಿಲ್ರಿ. ನಾ ಬಾಯಿಲೆ ಮಾತಾಡಿ ಕಳಸಾವ."

"ಈಗ ಬಾಯಿಲೆ ಮಾತಾಡಿದ್ರೂ ಟೈಪ್ ಆಗ್ತೈತಲ್ಲ."

ಅದೂ ಖರೆ. 

ಹವಾಲ್ದಾರರ ಕೈಯಲ್ಲಿ ಒಂದು ಪತ್ರ. ಅಕ್ಕೋರ ಹೆಸರಿನ ಆ ಸುಳ್ಳು ಖಾತೆ ತೆರೆದ ವೇಳೆ, ಅದು ಇಂಟರ್ನೆಟ್ಟಿನ ಯಾವ ನಂಬರಿನಿಂದ ಬಂತು ಎಂಬುದನ್ನು ಆ ಆಪಿನ ಕಂಪನಿಯವರು ತಿಳಿಸಿದ್ದರು. ಆ ನಂಬರು ಬಳಸುವವರ ಪಟ್ಟಿಯಲ್ಲಿ ನಮ್ಮೂರಿನದು ನನ್ನ ಹೆಸರೊಂದೇ ಇತ್ತು. ಹತ್ತು ನಲವತ್ತಕ್ಕೆ ಖಾತೆ ತೆರೆದದ್ದು. "ಮುಂಜಾನಿ ಹತ್ತೂ ನಾಲ್ವತ್ತಕ್ಕ ಎಲ್ಲಿದ್ದಿ?" ಎಂದು ಕೇಳಿದರು. ಆ ದಿನ ಬೆಳಗ್ಗೆ ನಾನು ಮನೆಯಲ್ಲೇ ಇದ್ದೆ. ಸುಳ್ಳು ಹೇಳಲು ಬರಲಿಲ್ಲ, ಮನೆಯಲ್ಲೇ ಅಂದೆ.

ಮೇಡಂ ಪತ್ರವನ್ನು ಎರಡು ಸಲ ಓದಿದರು. "ಸಾಹೇಬ್ರ, ಈ ಗಡಿಯಾರ ನಮ್ದಲ್ಲ," ಎಂದರು. "ಆ ಕಂಪನಿಯವ್ರು ಬರ್ಯೂದು ಬ್ಯಾರೆ ದೇಶದ ಗಡಿಯಾರದ ವ್ಯಾಳೆ. ಇದಕ್ಕ ಐದೂವರಿ ತಾಸು ಕೂಡಸಬೇಕು. ಖಾತೆ ತಗದದ್ದು ಸಂಜಿ ನಾಕೂ ಹತ್ತಕ್ಕ."

ನಾಲ್ಕೂ ಹತ್ತಕ್ಕೆ ನಾನು ಡಫಳಾಪುರದಲ್ಲಿ ಕಂಬದ ಮೇಲಿದ್ದೆ. ಉಸಿರು ಬಿಟ್ಟೆ. ಆದರೆ ಮೇಡಂ ಅಷ್ಟಕ್ಕೆ ನನ್ನನ್ನು ಬಿಡಲಿಲ್ಲ. "ಇದ್ರಾಗ ಪೂರಾ ವಿವರ ಇಲ್ಲ. ಇನ್ನೊಂದು ಪತ್ರ ಬೇಕು," ಎಂದು ಹವಾಲ್ದಾರರನ್ನೇ ವಾಪಸು ಕಳಿಸಿದರು. ನನಗೆ ಸಿಟ್ಟು ಬಂತು. ಊರಲ್ಲಿ ಅಷ್ಟರೊಳಗೆ ಸುದ್ದಿ ಹಬ್ಬಿತ್ತು, ಗುರಪ್ಪನ ಹೆಸರು ಬಂದಿದೆ ಅಂತ. ಹತ್ತು ವರ್ಷ ಒಳಗೆ ಕರೆದು ಚಹಾ ಕೊಟ್ಟ ಮನೆಗಳಲ್ಲಿ ಈಗ ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು.

"ಮೇಡಂ, ಇಲ್ಲಿ ನನ್ನ ಮಾನ ಹೊಂಟೈತಿ, ನೀವು ಕಾಗದದಾಗಿನ ತಪ್ಪ ಹುಡುಕಾಕತ್ತೀರಿ?"

ಅವರು ಸಿಟ್ಟಾಗಲಿಲ್ಲ. ಕುಂದ್ರಿ ಅಂದು ಹೇಳಿದರು. "ಗುರಪ್ಪಣ್ಣ, ನಮ್ಮ ನಂಬರ್ ಒಂದು ಬಸ್ ಇದ್ದಂಗ. ಹೊರಗಿನವ್ರಿಗೆ ಬಸ್ಸಿನ ನಂಬರ್ ಅಷ್ಟ ಕಾಣ್ತದ. ಒಳಗ ನೂರಾರು ಮನಿ ಕುಂತಿರ್ತಾವು. ಯಾರು ಅಂತ ಹೇಳಬೇಕಂದ್ರ ಟಿಕೇಟ್ ನಂಬರ್ ಬೇಕು, ಯಾವ ಸೆಕೆಂಡಿಗೆ ಹತ್ತಿದ್ರು ಅಂತ ಬೇಕು. ಅದಿಲ್ದ ನಾ ಹೆಸರ ಹೇಳಿದ್ರ, ಇವತ್ತ ನಿಮಗ ಆದದ್ದು ನಾಳೆ ಮತ್ತೊಬ್ಬರಿಗೆ ಆಗ್ತದ."

ನಾನು ಚೀಲ ಕೆಳಗಿಟ್ಟು ಕೂತೆ. ಇಷ್ಟು ವರ್ಷ ತಂತಿ ಎಳೆದೂ ಅದರೊಳಗೆ ಹೋಗುವುದರ ಲೆಕ್ಕವನ್ನು ಯಾರೋ ಒಬ್ಬರು ಹೀಗೆ ಸೆಕೆಂಡಿಗೆ ಸೆಕೆಂಡು ಇಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಜನ ಏನು ಓದಿದರು, ಏನು ನೋಡಿದರು ಎಂಬ ಲೆಕ್ಕ ಅಲ್ಲ ಅದು. ಯಾವ ಡಬ್ಬಿ ಯಾವಾಗ ಬಾಗಿಲು ತೆರೆಯಿತು, ಯಾವ ನಂಬರಿನ ಹಿಂದೆ ನಿಂತಿತು, ಅಷ್ಟೇ. ಹೆಸರು ಬದಲಿಸಿದರೂ ಫೋಟೋ ಬದಲಿಸಿದರೂ ಆ ಹೆಜ್ಜೆ ಅಲ್ಲೇ ಇರುತ್ತದೆ. ನನಗೆ ಅಪ್ಪ ನೆನಪಾದ. ಒಂದು ಸಲ ಸಂತೆಯಲ್ಲಿ ಯಾರೋ ನಮ್ಮ ಕುರಿಯ ಬೆನ್ನಿನ ಬಣ್ಣ ಒರೆಸಿ ತಮ್ಮ ಬಣ್ಣ ಬಳಿದಿದ್ದರು. ಅಪ್ಪ ಬಣ್ಣ ನೋಡಲೇ ಇಲ್ಲ. ನಾಲ್ಕು ಹೆಜ್ಜೆ ನಡೆಸಿ, ಇದು ನಂದು ಅಂದಿದ್ದ.

ಎರಡು ದಿನಕ್ಕೆ ಸರಿಯಾದ ಪತ್ರ ಬಂತು. ಮೇಡಂ ಯಂತ್ರದಲ್ಲಿ ಹುಡುಕಿ ಹೇಳಿದರು, "ನಿಮ್ಮ ಹೆಸರಿನ ಐದನೇ ನಂಬರ್ ಡಬ್ಬಿ. ಅದು ಯಾರ ಮನ್ಯಾಗ ಅದ?"

"ಗೊತ್ತಿಲ್ರಿ. ಕೈಗೆ ಬಂದದ್ದ ಹಚ್ಚೀನಿ."

ಬೈಯುತ್ತಾರೆ ಅಂದುಕೊಂಡೆ. ಹವಾಲ್ದಾರರು, ಏಳೂ ಮನೆ ಹೊಕ್ಕು ಡಬ್ಬಿಯ ನಂಬರು ನೋಡೋಣ ಎಂದರು. ಮೇಡಂ ಬೇಡ ಅಂದರು. "ಒಬ್ಬರು ಮಾಡಿದ್ದಕ್ಕ ಏಳು ಮನಿ ಬಾಗಲಾ ಯಾಕ ತುಳೀಬೇಕ್ರಿ? ಕಂಬದ ಮ್ಯಾಲ ಒಂದೊಂದ ತಂತಿ ಬಿಚ್ಚೂಣು. ಯಾವುದು ಬಿಚ್ಚಿದಾಗ ನನ್ನ ಮೊಬೈಲ್ನಾಗ ಐದನೇದು ಆರತದ ನೋಡೂಣು." ಕಂಬದ ಆ ಪೆಟ್ಟಿಗೆಯಲ್ಲಿ ಕರೆಂಟೂ ಇಲ್ಲ, ಯಂತ್ರವೂ ಇಲ್ಲ. ಬೆಳಕನ್ನು ಏಳು ಪಾಲು ಮಾಡುತ್ತದೆ ಅಷ್ಟೇ. ಯಾವ ಪಾಲು ಯಾವ ಮನೆಗೆ ಹೋಯಿತೆಂದು ಅವರ ಕಂಪ್ಯೂಟರಿಗೂ ಕಾಣುವುದಿಲ್ಲ. ಅದು ಕಾಣುವುದು ನನ್ನ ದಾರಕ್ಕೆ.

ಮರುದಿನ ಬೆಳಗ್ಗೆ ತುಂತುರು ಮಳೆ. ನಾನು ಮೇಲೆ, ಮೇಡಂ ಕೆಳಗೆ ಛತ್ರಿ ಹಿಡಿದು ಮೊಬೈಲ್ ನೋಡುತ್ತಾ. ಹವಾಲ್ದಾರರು ಬೇವಿನ ಗಿಡದ ಬುಡದಲ್ಲಿ. ಮೊದಲು ನನ್ನ ಮನೆಯದೇ ಬಿಚ್ಚಿದೆ, ಒಂದು ಗಂಟಿನದು. 

"ಎರಡು ಆರಿತು," ಎಂದರು ಮೇಡಂ.

ನನ್ನದಲ್ಲ. ತಿರುಗಿ ಹಚ್ಚಿ ಎರಡು ಗಂಟಿನದು ಬಿಚ್ಚಿದೆ. "ಏಳು." ಮೂರು ಗಂಟು. "ನಾಕು." ನಾಲ್ಕು ಗಂಟು. "ಆರು." ಒಂದೊಂದಕ್ಕೂ ಒಂದು ನಿಮಿಷ ಕಾಯಬೇಕು. ಮೇಲಿಂದ ಏಳೂ ಅಂಗಳ ಕಾಣುತ್ತಿದ್ದವು. ಅಕ್ಕ ತನ್ನ ಅಂಗಳದಲ್ಲಿ ಒಣಹಾಕಿದ್ದ ಸಜ್ಜಿ ತೆನೆಯ ಮೇಲೆ ತಾಡಪತ್ರಿ ಎಳೆಯುತ್ತಿದ್ದಳು. ನನ್ನನ್ನು ನೋಡಿ, ಜಾರುತ್ತದೆ ಹುಷಾರು ಎಂಬಂತೆ ಕೈ ಮಾಡಿದಳು.

ಐದು ಗಂಟು. "ಮೂರು." ಆರು ಗಂಟು. "ಒಂದು."

ಇನ್ನು ಬಿಚ್ಚುವ ಅಗತ್ಯವೇ ಇರಲಿಲ್ಲ. ಉಳಿದದ್ದು ಬಿಳಿ ಎಳೆ. ಅಕ್ಕ ಮದುವೆಯಾಗಿ ಈ ಊರಲ್ಲೇ ಉಳಿದಾಗ ಅಪ್ಪ ಕಂಬಳಿಯ ಅಂಚು ತೋರಿಸಿ ಹೇಳುತ್ತಿದ್ದ, ಕಸ್ತೂರಿ ನಮ್ಮನಿ ಬಿಳಿ ಅಂಚು ಅಂತ. ಅದಕ್ಕೇ ಅವಳ ತಂತಿಗೆ ನಾನು ಅದನ್ನು ಕಟ್ಟಿದ್ದೆ. ಆದರೂ ಬಿಚ್ಚಿದೆ. ಕೆಳಗಿನಿಂದ ಮಾತು ಬರುವವರೆಗೆ ತಂತಿಯ ತುದಿ ಕೈಯಲ್ಲೇ ಹಿಡಿದಿದ್ದೆ.

"ಐದು," ಎಂದರು ಮೇಡಂ. "ಇದ ನೋಡ್ರಿ. ಯಾರ ಮನಿ ಗುರಪ್ಪಣ್ಣ?"

ದಾರದ ಅರ್ಥ ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಯಾವ ಮನೆಯ ಹೆಸರು ಹೇಳಿದರೂ ಆ ಕ್ಷಣಕ್ಕೆ ನಡೆಯುತ್ತಿತ್ತು. ನೆನಪಿಲ್ಲ ಅಂದರೂ ನಡೆಯುತ್ತಿತ್ತು. ಭಾವ ಸಂಗಪ್ಪ ಯಾಕೆ ಮಾಡಿರಬಹುದು ಎಂಬುದು ಅಷ್ಟರೊಳಗೆ ನನಗೆ ಹೊಳೆದಿತ್ತು. ಸಾಲಿಯಲ್ಲಿ ಖಿಚಡಿ ಬೇಯಿಸುವ ಕೆಲಸ ಈ ಸಲ ತನ್ನ ಹೆಂಡತಿಗೇ ಎಂದು ಅವನು ಊರೆಲ್ಲ ಹೇಳಿಕೊಂಡಿದ್ದ. ಅದು ಯಶವಂತ ಕಾಕಾನ ಸೊಸೆಗೆ ಹೋಗಿತ್ತು. ಕೆಳಗೆ ಅಕ್ಕ ತಾಡಪತ್ರಿಯ ಮೂಲೆಗೆ ಕಲ್ಲಿಡುತ್ತಿದ್ದಳು. ಅಕ್ಕೋರು ಅದೇ ಹೊತ್ತಿಗೆ ಖಾಲಿ ಸಾಲಿನ ಮುಂದೆ ಹೆಸರು ಕರೆಯುತ್ತಿರಬೇಕು.

"ನಮ್ಮ ಅಕ್ಕನ ಮನಿರಿ," ಅಂದೆ.

ಮೇಡಂ ಛತ್ರಿ ಹಿಂದೆ ಸರಿಸಿ ನನ್ನ ಮುಖ ನೋಡಿದರು. "ತಂತಿ ತಿರುಗಿ ಹಚ್ಚಿ ಇಳೀರಿ ಗುರಪ್ಪಣ್ಣ," ಎಂದರು. ಆಮೇಲೆ ಹವಾಲ್ದಾರರ ಕಡೆ ತಿರುಗಿ, "ಸಾಹೇಬ್ರ, ಮನಿ ಗೊತ್ತಾತು. ಕೈ ಯಾರದು ಅಂತ ನಮ್ಮ ಮಷೀನಿಗೆ ಗೊತ್ತಾಗಂಗಿಲ್ಲ. ಹೊಸ್ತಿಲ ತನಾ ನಮ್ಮ ಕೆಲಸ. ಅದರಾಚೆ ನಾ ಏನೂ ಹೇಳಂಗಿಲ್ಲ, ನೀವೂ ಕೇಳೂಕ್ಕಿಂತ ಮುಂಚೆ ಯಾರನ್ನೂ ಅನ್ನಬ್ಯಾಡ್ರಿ." ಮೇಡಂ ಅಕ್ಕನ ಅಂಗಳಕ್ಕೆ ಕಾಲಿಡದೆ ಗಿಡದ ಕೆಳಗೇ ನಿಂತರು. ಹವಾಲ್ದಾರರ ಜೊತೆ ನಾನು ಹೋದೆ.

ಮನೆಯಲ್ಲಿ ಭಾವ ಹೊರಸಿನ ಮೇಲೆ ಕೂತಿದ್ದ. ಅಕ್ಕ ಹವಾಲ್ದಾರರಿಗೆ ನೀರು ತಂದುಕೊಟ್ಟಳು. ಮನೆಯಲ್ಲಿದ್ದ ಮೊಬೈಲುಗಳನ್ನು ತೋರಿಸಿ ಎಂದಾಗ ಭಾವ ತನ್ನದು ಕೊಟ್ಟ, ಅಕ್ಕ ತನ್ನದು ಕೊಟ್ಟಳು. ಎರಡರಲ್ಲೂ ಏನೂ ಇರಲಿಲ್ಲ. ಹವಾಲ್ದಾರರು ಏಳುವಷ್ಟರಲ್ಲಿ ಅಕ್ಕ ಒಳಗೆ ಹೋಗಿ ಜೋಳದ ಚೀಲದ ಸಂದಿಯಿಂದ ಇನ್ನೊಂದು ತಂದಳು. ಗಾಜು ಒಡೆದ ಹಳೆಯದು.

"ಇದೂ ಒಂದ ಐತ್ರಿ. ಇದಕ್ಕ ಸಿಮ್ ಇಲ್ಲ, ಹಂಗ ಬಿದ್ದೈತಿ. ನೋಡ್ರಿ ಬೇಕಾದ್ರ."

ಅವಳಿಗೆ ಏನೂ ಗೊತ್ತಿರಲಿಲ್ಲ. ಭಾವನ ಮುಖ ನೋಡಿದೆ. ಹವಾಲ್ದಾರರು ಅದನ್ನು ಹಚ್ಚಿದರು. ಸ್ವಲ್ಪ ಹೊತ್ತಿಗೆ ಆ ಒಡೆದ ಗಾಜಿನ ಹಿಂದೆ ಮಹಾದೇವಿ ಅಕ್ಕೋರ ಫೋಟೋ ಬಂತು.

ಭಾವ ಮೊದಲು ಆಡಿದ ಮಾತು ಇವತ್ತೂ ಕಿವಿಯಲ್ಲಿದೆ. "ಸಿಮ್ ತಗದಿದ್ದೆ. ಹೆಸರ ನಂದಲ್ಲ, ಫೋಟೋ ನಂದಲ್ಲ. ಕನೆಕ್ಷನ್ನೂ ನನ್ನ ಹೆಸರ್ಲೆ ಇಲ್ಲ. ಹೆಂಗ ಸಿಕ್ಕಿತು?"

ಮೂರನೆಯ ಮಾತು ನನಗೆ ನಾಟಿತು. ಅವನು ಮರೆಯಾಗಿ ನಿಂತದ್ದು ಅಕ್ಕೋರ ಫೋಟೋದ ಹಿಂದೆ ಅಷ್ಟೇ ಅಲ್ಲ, ನನ್ನ ಹೆಸರಿನ ಹಿಂದೆಯೂ. ಆ ಜಾಗ ಮಾಡಿಕೊಟ್ಟವನು ನಾನು.

ಅಕ್ಕ ನನ್ನ ಕಡೆ ತಿರುಗಿದಳು. "ಈ ಮನಿ ಅಂತ ನೀನ ಹೇಳಿದ್ಯೇನೋ?"

"ಹೌದಕ್ಕ."

ಅವಳು ಒಳಗೆ ಹೋದಳು. ನನ್ನೊಡನೆ ಮತ್ತೆ ಮಾತಾಡಲಿಲ್ಲ.

ಪೋಲೀಸರ ಕೆಲಸ ಅದರ ದಾರಿಯಲ್ಲಿ ನಡೆಯಿತು. ಅದನ್ನು ಬರೆಯುವುದಿಲ್ಲ. ಅಕ್ಕೋರು ಕೇಳಿದ್ದು ಬೇರೆ. ಆ ಶನಿವಾರ ಸಾಲಿಯ ಕಟ್ಟೆಯ ಮೇಲೆ ಭಾವ ನಿಂತು, ಎರಡೂ ಕಡೆಯ ಜನರ ಮುಂದೆ, ಬರೆದವನು ನಾನು ಎಂದು ಬಾಯಿಬಿಟ್ಟು ಹೇಳಬೇಕು ಎಂದರು. ಹೇಳಿದ.  ಯಶವಂತ ಕಾಕಾ ತಲೆಯ ಟವೆಲ್ ತೆಗೆದು ಕೊಡವಿ ಹೇಳಿದ, "ಅಕ್ಕೋರ ಫೋಟೋ ಹಚ್ಚಿದ್ರ ಅಕ್ಕೋರ ಆಗಂಗಿಲ್ಲೋ ಸಂಗಪ್ಪಾ. ಅದಕ್ಕ ದಿನಾ ಹದಿನಾಕ ಮೂಗ ಒರಸಬೇಕಾಗ್ತೈತಿ." ಯಾರೋ ನಕ್ಕರು. ಅಕ್ಕೋರು ಮುಖ ಆ ಕಡೆ ಮಾಡಿಕೊಂಡರು, ನಕ್ಕರೋ ಅತ್ತರೋ ತಿಳಿಯಲಿಲ್ಲ. ಸೋಮವಾರ ಹದಿನಾಲ್ಕು ಮಕ್ಕಳೂ ಬಂದವು. ಅಕ್ಕೋರು ತಾವೂ ಒಂದು ತಾಟು ಹಿಡಿದು ಅವರ ನಡುವೆ ಕೂತು ಕಾಕಾನ ಸೊಸೆ ಬಡಿಸಿದ ಖಿಚಡಿ ಉಂಡರು ಎಂದು ಕೇಳಿದೆ.

ಅದಾದ ಎಷ್ಟೋ ದಿನಕ್ಕೆ ನನಗೆ ಒಂದು ಮಾತು ಹೊಳೆಯಿತು. ಆ ಬೆಳಗ್ಗೆ ಕಂಬದ ಮೇಲೆ ನಾನು ಸುಳ್ಳು ಹೇಳಿದ್ದರೂ ಉಳಿಯುತ್ತಿರಲಿಲ್ಲ. ಡಬ್ಬಿಯ ತಳದಲ್ಲಿ ನಂಬರು ಇದೆ. ಆ ಮನೆಗೆ ಹೋಗಿ ಮಗುಚಿ ನೋಡಿದ್ದರೆ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಅದು ಮೇಡಂಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಕೇಳಿದರು, ನಾನು ಹೇಳುವವರೆಗೆ ಮಳೆಯಲ್ಲಿ ಕಾದರು. ಇಡೀ ಊರು ನನ್ನ ಹೆಸರನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ್ದಾಗ ಅವರೊಬ್ಬರು ನನ್ನ ಮಾತಿಗೆ ಕಾದರು. ಕಲಿತವರನ್ನು ಕಂಡರೆ ಒಳಗೊಳಗೆ ಬಿಗಿಯುವ ನಾನು ಅವರ ಮುಂದೆ ಮಾತ್ರ ಮನಸಾರೆ ತಲೆ ಬಾಗಿಸಿದೆ.

ಆಮೇಲೆ ಏಳೂ ಮನೆಯ ಕಾಗದ ಹೊಸದಾಗಿ ಮಾಡಬೇಕಾಯಿತು. ಆರು ಮನೆಯವರು ತಮ್ಮ ತಮ್ಮ ಹೆಸರಿಗೆ ಮಾಡಿಸಿದರು. ಅಕ್ಕನ ಮನೆಯಿಂದ ಯಾರೂ ಬರಲಿಲ್ಲ. ನಾನೇ ಕಂಬ ಹತ್ತಿ ಬಿಳಿ ಎಳೆಯ ತಂತಿ ಬಿಚ್ಚಿ ಸುತ್ತಿಟ್ಟೆ. ದಾರ ಮಾತ್ರ ಬಿಚ್ಚಲಿಲ್ಲ.

ಹೋದ ವಾರ ನನ್ನ ಮೊಬೈಲಿಗೆ ಅಕ್ಕನ ನಂಬರು ಬಂತು. ಮೂರು ವರ್ಷದಲ್ಲಿ ಮೊದಲ ಸಲ.

"ಗುರ್ಯಾ, ನಮ್ಮ ತಂತಿ ಹಚ್ಚು ಬಾ."

ಅರ್ಜಿ ಹಿಡಿದು ಓಡಿದೆ. ಭಾವ ಹಿತ್ತಲಲ್ಲಿ ಆಡಿಗೆ ಸೊಪ್ಪು ಕಟ್ಟುತ್ತಿದ್ದ, ತಲೆ ಎತ್ತಲಿಲ್ಲ. ಯಾರ ಹೆಸರಿಗೆ ಅಂತ ಕೇಳಿದೆ. "ನನ್ನ ಹೆಸರಿಗೆ," ಅಂದಳು ಅಕ್ಕ. ಅವಳು ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ನಾನು ಚೀಲದಿಂದ ಹೆಬ್ಬೆಟ್ಟಿನ ಶಾಯಿ ಡಬ್ಬಿ ತೆಗೆದಿಟ್ಟೆ.

"ಅದನ್ನ ಒಳಗಿಡು. ಪೆನ್ ಕೊಡು."

ಕೊಟ್ಟೆ. ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದಳು. ಒಂದೊಂದು ಅಕ್ಷರಕ್ಕೂ ತುಟಿ ಅಲುಗುತ್ತಿತ್ತು. ಕಸ್ತೂರಿ ಅಂತ ಪೂರಾ ಬರೆದು ಕೆಳಗೆ ಗೆರೆ ಎಳೆದಳು.

"ಯಾರ ಕಲಿಸಿದ್ರಕ್ಕ?"

"ಅಕ್ಕೋರು. ತಪ್ಪಾತ್ರಿ ಅಂತ ಹೇಳಾಕ ಹೋಗಿದ್ದೆ, ಬರ್ಯೂ ಹಲಗಿ ಕೊಟ್ಟು ಕುಂದರಿಸಿದ್ರು." ಅರ್ಜಿ ನನ್ನ ಕೈಗಿಟ್ಟು ಕೇಳಿದಳು, "ಇನ್ನ ಈ ಮನ್ಯಾಗಿಂದ ಯಾರ ಏನ ಬರದ್ರೂ ನನ್ನ ಹೆಸರಿಗೆ ಬರತೈತಿ ಹೌದಿಲ್ಲೋ?"

"ಹೌದಕ್ಕ."

"ಬರ್ಲಿ." ಹಿತ್ತಲ ಕಡೆ ಒಮ್ಮೆ ನೋಡಿದಳು. "ಏನ ಬರೀತಾರಂತ ಇನ್ನ ನಾನ ಓದತೀನಿ."

ನಾನು ಕಂಬ ಹತ್ತಿದೆ. ಬಿಳಿ ಎಳೆ ತೊಯ್ದಿತ್ತು, ಬೆರಳಿಂದ ಹಿಂಡಿದೆ. ತಂತಿ ಹಚ್ಚಿ ಕೆಳಗೆ ನೋಡಿದರೆ ಅಕ್ಕ ಅಂಗಳಕ್ಕೆ ಬಂದು ನಿಂತಿದ್ದಳು. ಡಬ್ಬಿಯ ದೀಪ ಹಸಿರಾಯಿತು ಎನ್ನುವಂತೆ ಕೈ ಎತ್ತಿದಳು. ಆಮೇಲೆ ಅದೇ ಕೈಯಿಂದ, ಜಾರುತ್ತದೆ ಹುಷಾರು ಇಳಿ, ಎಂದಳು.